ಬೆನ್ನಲ್ಲಿರುವ ಬೆಲೆ

1763ರಲ್ಲಿ ಹೈದರಾಲಿ ಕೆಳದಿಯ ರಾಣಿ ವೀರಮ್ಮಾಜಿಯಿಂದ ಬಿದನೂರನ್ನು ಕಿತ್ತುಕೊಂಡು, ಊರಿಗೆ ಹೈದರ್‌ನಗರವೆಂದು ಹೆಸರಿಟ್ಟ. ಇಂದಿನ ಹೊಸನಗರ ತಾಲ್ಲೂಕಿನ ನಗರ ಅದೇ. ಊರಿನ ಹೆಸರು ಬದಲಿಸಿದವನು ಅಲ್ಲಿನ ಚಿನ್ನದ ವರಾಹದ ಮೇಲಿದ್ದ ಶಿವಪಾರ್ವತಿಯರನ್ನು ಮಾತ್ರ ಮುಟ್ಟಲಿಲ್ಲ. ಹಿಂಬದಿಯ ‘ಶ್ರೀ ಸದಾಶಿವ’ ಎಂಬ ನಾಗರಿ ಬರಹ ತೆಗೆಸಿ, ತನ್ನ ಹೆಸರಿನ ಮೊದಲಕ್ಷರವನ್ನು ಫಾರ್ಸಿ ಲಿಪಿಯಲ್ಲಿ ಒತ್ತಿಸಿದ. ಸಂತೆಯ ಜನ ನಂಬಿದ ಮುಖವನ್ನು ಕೆಡಿಸಬಾರದೆಂಬ ವ್ಯವಹಾರಜ್ಞಾನ ಅವನಿಗಿತ್ತು.

ಆ ನಂಬಿಕೆ ಎಷ್ಟು ಗಟ್ಟಿಯೆಂದರೆ, ಕೆಳದಿ ಅರಸರ ರಾಜಧಾನಿ ಇಕ್ಕೇರಿಯಿಂದ ಬಿದನೂರಿಗೆ ಹೋದ ಮೇಲೂ ನಾಣ್ಯಕ್ಕೆ ಇಕ್ಕೇರಿ ವರಾಹವೆಂಬ ಹೆಸರೇ ಉಳಿಯಿತು. ಟಿಪ್ಪು ತನ್ನ ಚಿನ್ನದ ನಾಣ್ಯದಲ್ಲಿ ಚಿತ್ರ ಬಿಟ್ಟು ಬರಹವನ್ನಷ್ಟೇ ಇಟ್ಟ. 1799ರ ನಂತರ ಮುಮ್ಮಡಿ ಕೃಷ್ಣರಾಜ ಒಡೆಯರ ವರಾಹದಲ್ಲಿ ಶಿವಪಾರ್ವತಿಯರು ಮತ್ತೆ ಬಂದರು, ಹಿಂದೆ ‘ಶ್ರೀ ಕೃಷ್ಣರಾಜ’.

ಭದ್ರಾವತಿಯ ನ್ಯೂ ಟೌನಿನಲ್ಲೋ ಶಿವಮೊಗ್ಗದಲ್ಲೋ ಯಾರದಾದರೂ ಮನೆಯ ಪೆಟ್ಟಿಗೆಯಲ್ಲಿ ಇಂಥದೊಂದು ವರಾಹ ಇದ್ದರೆ, ಮೊದಲು ಅದನ್ನು ಮಗುಚಿ ನೋಡಬೇಕು.

ಹಿಂದಿನ ಚಿನಿವಾರನಿಗೆ ತಕ್ಕಡಿಯೂ ಒರೆಗಲ್ಲೂ ಸಾಕಿದ್ದವು. ಸುಮಾರು ಮೂರೂವರೆ ಗ್ರಾಂ ತೂಗುವ ವರಾಹದ ಅಂಚನ್ನು ಯಾರಾದರೂ ಕೆರೆದಿದ್ದರೆ ತಕ್ಕಡಿ ಹೇಳುತ್ತಿತ್ತು. ಬೆರಕೆಯನ್ನು ಕಲ್ಲು ಹೇಳುತ್ತಿತ್ತು. 1800-01ರಲ್ಲಿ ಈ ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಊರೂರಿನ ನಾಣ್ಯಗಳ ವಿನಿಮಯ ದರವನ್ನೂ ಬರೆದುಕೊಂಡ. ಇಂದು ಚಿನ್ನದ ದರ ಬೆಲೆಯ ತಳಪಾಯ ಮಾತ್ರ. ಅದರ ಮೇಲೆ ಎಷ್ಟು ಏರುತ್ತದೆ ಎಂಬುದು ನಾಣ್ಯದ ಅಪರೂಪಕ್ಕೆ, ಅಕ್ಷರದ ಸ್ಪಷ್ಟತೆಗೆ ಸೇರಿದ್ದು. ಸರಕ್ಕೆ ಪೋಣಿಸಲು ಕೊಂಡಿ ಬೆಸೆದಿದ್ದರೆ ಬೆಲೆ ಇಳಿಯುತ್ತದೆ.

ತಾಮ್ರದ ಕತೆ ಇನ್ನೂ ಸ್ವಾರಸ್ಯದ್ದು. ನಗರದ ಟಂಕಸಾಲೆಯಲ್ಲಿ ಟಿಪ್ಪು ಹೊಡೆಸಿದ ಆನೆಯ ಕಾಸಿನಲ್ಲಿ ಲೋಹದ ಬೆಲೆ ಲೆಕ್ಕಕ್ಕಿಲ್ಲ. ಊರಿನ ಹೆಸರೂ ಇಸವಿಯೂ ಓದಲು ಸಿಗಬೇಕು. ಅವನ ಮೌಲೂದಿ ಶಕೆಯ ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕು. ಗೊತ್ತಿಲ್ಲದವರಿಗೆ 1215 ಎಂಬುದು 5121 ಆಗಿ ಕಾಣುತ್ತದೆ. ಇಂಥ ಕಾಸನ್ನು ಹೊಳೆಯಿಸಲು ಹುಣಸೆಹಣ್ಣಿನಲ್ಲಿ ಉಜ್ಜುವುದು ಮನೆಮನೆಯ ತಪ್ಪು. ಇನ್ನೂರು ವರ್ಷ ಕೂತ ಕಪ್ಪು ಪದರವೇ ಅದರ ಹಳತಿಗೆ ಸಾಕ್ಷಿ.

ನೋಟಿಗೆ ಒರೆಗಲ್ಲಿಲ್ಲ. 1978ರ ಜನವರಿಯಲ್ಲಿ ರದ್ದಾದ ಸಾವಿರ ರೂಪಾಯಿಯ ನೋಟಿಗೆ ಬ್ಯಾಂಕಿನಲ್ಲಿ ಈಗ ಕಾಸೂ ಹುಟ್ಟದು. ಸಂಗ್ರಾಹಕ ಮಾತ್ರ ಅದನ್ನು ಬೆಳಕಿಗೆ ಹಿಡಿದು, ಗವರ್ನರ್ ಸಹಿ, ಮಡಿಕೆ, ಪಿನ್ನಿನ ತೂತು ಎಲ್ಲ ನೋಡಿಯೇ ವ್ಯಾಪಾರಕ್ಕೆ ಇಳಿಯುತ್ತಾನೆ.