‘ನೋ ಡಿಸ್ಕ್’ ಎಂದ ಮಾತ್ರಕ್ಕೆ

ಯಡ್ತರೆ, ಬೈಂದೂರು, ಉಪ್ಪುಂದದ ಕಡೆಯ ಮನೆಗಳಲ್ಲಿ ಟಿವಿ ಸ್ಟ್ಯಾಂಡಿನ ಕೆಳಖಾನೆ ತೆರೆದರೆ ಮದುವೆ, ಗೃಹಪ್ರವೇಶ, ಹರಕೆ ಆಟ, ನಾಗಮಂಡಲ ಎಂದು ಮಾರ್ಕರ್ ಪೆನ್ನಿನಲ್ಲಿ ಬರೆದ ಡಿವಿಡಿಗಳು ಸಿಗುತ್ತವೆ. ವಿಎಚ್‌ಎಸ್ ಕ್ಯಾಸೆಟ್ಟಿನ ಕಾಲ ಮುಗಿದು ಪೆನ್‌ಡ್ರೈವ್ ಬರುವ ತನಕ, ಈ ಸೀಮೆ ಇನ್ನೂ ಕುಂದಾಪುರ ತಾಲೂಕಿನೊಳಗೇ ಇದ್ದ ವರ್ಷಗಳಲ್ಲಿ, ಊರ ಸಂಭ್ರಮಗಳು ಉಳಿದದ್ದು ಬಹುಮಟ್ಟಿಗೆ ಈ ತಟ್ಟೆಗಳಲ್ಲಿ. ಪ್ಲೇಯರಿಗೆ ಹಾಕಿದಾಗ ‘ನೋ ಡಿಸ್ಕ್’ ಎಂದು ಬಂದರೆ ಸಿಡಿ ಹಾಳಾಗಿದೆ ಎಂದು ತೀರ್ಮಾನಿಸಿ ಗುಜರಿಗೆ ಹಾಕುವುದೇ ರೂಢಿ. ಈ ತೀರ್ಮಾನ ಅವಸರದ್ದು. ಓಡದಿರುವುದು ಬೇರೆ, ಹಾಳಾಗಿರುವುದು ಬೇರೆ. ಈ ಎರಡನ್ನೂ ಬೇರ್ಪಡಿಸಿ ನೋಡಬೇಕಾದರೆ ಡಿವಿಡಿ ನಮ್ಮ ಮನೆಗೆ ಬಂದ ದಾರಿಯನ್ನೇ ಒಮ್ಮೆ ಹಿಂದಿರುಗಿ ನೋಡಬೇಕು.

ಡಿವಿಡಿ 1996ರ ಕೊನೆಯಲ್ಲಿ ಜಪಾನಿನ ಮಾರುಕಟ್ಟೆಗೆ ಬಂದದ್ದು ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿನಿಮಾಗಳಿಗಾಗಿ. ಅಲ್ಲಿ ಮಾಹಿತಿ ಪ್ಲಾಸ್ಟಿಕ್ಕಿನಲ್ಲೇ ಕೊರೆದ ಸಣ್ಣ ಕುಳಿಗಳಾಗಿ ಇರುತ್ತದೆ. ನಾವೇ ಬರೆಯುವ ‘ಮೈನಸ್ ಆರ್’ ತಟ್ಟೆ 1997ರಲ್ಲಿ ಬಂತು; ಬೇರೆ ಕಂಪನಿಗಳ ಗುಂಪು 2002ರಲ್ಲಿ ‘ಪ್ಲಸ್ ಆರ್’ ತಂದಿತು. ಇವುಗಳಲ್ಲಿ ಲೇಸರ್ ಕುಳಿ ಕೊರೆಯುವುದಿಲ್ಲ, ಬಣ್ಣದ ಪದರವೊಂದನ್ನು ಸುಟ್ಟು ಗುರುತು ಮಾಡುತ್ತದೆ. ಅಳಿಸಿ ಬರೆಯುವ ‘ಆರ್‌ಡಬ್ಲ್ಯೂ’ ತಟ್ಟೆಯಂತೂ ಮೇಲೆ ಬಿದ್ದ ಬೆಳಕಿನಲ್ಲಿ ಶೇ. 18ರಿಂದ 30ರಷ್ಟನ್ನು ಮಾತ್ರ ಹಿಂದಿರುಗಿಸುತ್ತದೆ. ಅಚ್ಚಿನ ಒಂದು ಪದರದ ತಟ್ಟೆ ಕನಿಷ್ಠ ಶೇ. 45 ಹಿಂದಿರುಗಿಸುತ್ತದೆ. ಅಚ್ಚಿನ ತಟ್ಟೆಗೆಂದೇ ಹದಮಾಡಿದ ಹಳೆಯ ಪ್ಲೇಯರಿಗೆ ಈ ಮಂದ ಬೆಳಕು ಕಾಣದಿದ್ದರೆ ಅದು ‘ಡಿಸ್ಕ್ ಇಲ್ಲ’ ಎನ್ನುತ್ತದೆ. ಬರೆದದ್ದು ಅಲ್ಲೇ ಇದೆ, ಓದುವ ಕಣ್ಣಿಗೆ ಅಭ್ಯಾಸವಿಲ್ಲ, ಅಷ್ಟೆ.

ಎರಡನೆಯ ತೊಡಕು ಹುಟ್ಟಿದ್ದು ಕಂಪ್ಯೂಟರಿನಲ್ಲಿ. ಟಿವಿಯ ಪ್ಲೇಯರಿಗೆ ಮೂರು ಕಟ್ಟುಪಾಡುಗಳಿವೆ: ಚಿತ್ರ ಎಂಪೆಗ್-2 ರೂಪದಲ್ಲಿರಬೇಕು, ‘ವಿಡಿಯೊ ಟಿಎಸ್’ ಎಂಬ ಫೋಲ್ಡರಿನಲ್ಲಿ ಕ್ರಮವಾಗಿ ಕೂತಿರಬೇಕು, ಬರೆದು ಮುಗಿದ ಮೇಲೆ ತಟ್ಟೆಯನ್ನು ‘ಫೈನಲೈಸ್’ ಮಾಡಿ ಮುಚ್ಚಿರಬೇಕು. ಕ್ಯಾಮೆರಾದ ಫೈಲನ್ನು ಹಾಗೆಯೇ ಕಾಪಿ ಮಾಡಿದ ತಟ್ಟೆ ಕಂಪ್ಯೂಟರಿನಲ್ಲಿ ಸಲೀಸಾಗಿ ಓಡುತ್ತದೆ, ಟಿವಿಯಲ್ಲಿ ಕದಲುವುದಿಲ್ಲ. ಇದರ ಜೊತೆಗೆ ದೇಶದೇಶದ ಪದ್ಧತಿ. 1982ರಲ್ಲಿ ದೂರದರ್ಶನ ಬಣ್ಣಕ್ಕೆ ತಿರುಗಿದಾಗ ಭಾರತ ಆರಿಸಿಕೊಂಡದ್ದು ಪಾಲ್ ಪದ್ಧತಿ: 576 ಗೆರೆ, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ: 480 ಗೆರೆ, ಸುಮಾರು 30 ಚಿತ್ರ. ಹಾಗಾಗಿ ಊರಿನ ಮದುವೆಯ ಡಿವಿಡಿ ಪಾಲ್ ಪದ್ಧತಿಯೇ ಇದ್ದ ದುಬೈಯಲ್ಲಿ ಓಡಿತು, ಅಮೆರಿಕದಲ್ಲಿರುವ ಮಗಳ ಮನೆಯ ಪ್ಲೇಯರಿನಲ್ಲಿ ನಿಂತಿತು. ‘ಸ್ಟುಡಿಯೊದವರು ಸರಿಯಾಗಿ ಮಾಡಿಕೊಡಲಿಲ್ಲ’ ಎಂಬ ದೂರಿಗೆ ಉತ್ತರ ಇಲ್ಲಿಯೇ ಇದೆ. ಅವರು ಪರೀಕ್ಷಿಸಿ ನೋಡುತ್ತಿದ್ದುದು ಈ ಯಾವ ಕಟ್ಟುಪಾಡನ್ನೂ ಕೇಳದ ಕಂಪ್ಯೂಟರಿನಲ್ಲಿ. ಅಲ್ಲಿ ತಪ್ಪು ಕಾಣಿಸಿಕೊಳ್ಳಲು ಆಸ್ಪದವೇ ಇರಲಿಲ್ಲ.

ಯಕ್ಷಗಾನದ ದಾಖಲೆಯಲ್ಲಿ ಈ ತೊಡಕು ಇನ್ನಷ್ಟು ಸ್ಪಷ್ಟವಾಗುತ್ತದೆ. ತಟ್ಟೆಯ ಸಾಮರ್ಥ್ಯ 4.7 ಜಿಬಿ. ಅತಿ ಉತ್ತಮ ಗುಣಮಟ್ಟದಲ್ಲಿ ಬರೆದರೆ ಒಂದು ಗಂಟೆ, ಹದವಾಗಿ ಬರೆದರೆ ಎರಡು ಗಂಟೆ. ರಾತ್ರಿಯಿಡೀ ನಡೆಯುವ ಆಟಕ್ಕೆ ನಾಲ್ಕು ತಟ್ಟೆಯಾದರೂ ಬೇಕು. ಎರಡೇ ತಟ್ಟೆಯಲ್ಲಿ ಮುಗಿಸಲು ಹೋದರೆ ಬಡಗುತಿಟ್ಟಿನ ಮಂಡಿ ಕುಣಿತದ ಹೊತ್ತಿಗೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಏಕೆಂದರೆ ಚಲನೆ ಹೆಚ್ಚಿದಷ್ಟೂ ಮಾಹಿತಿ ಹೆಚ್ಚು ಬೇಕು. ಇನ್ನೊಂದು ಸೂಕ್ಷ್ಮವೂ ಇದೆ. ಹಳೆಯ ಟಿವಿ ಒಂದು ಚಿತ್ರವನ್ನು ಗೆರೆ ಬಿಟ್ಟು ಗೆರೆಯಂತೆ ಎರಡು ಸಲಕ್ಕೆ ಬಿಡಿಸುತ್ತಿತ್ತು. ಮಿನಿ ಡಿವಿ ಕ್ಯಾಮೆರಾ ಕೆಳಗಿನ ಗೆರೆಗಳನ್ನು ಮೊದಲು ಕೊಡುತ್ತದೆ. ಡಿವಿಡಿ ಮಾಡುವಾಗ ಮೇಲಿನದ್ದು ಮೊದಲು ಎಂಬ ಗುರುತು ಬಿದ್ದರೆ ಚಲನೆ ಒಂದು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗುತ್ತದೆ. ಕೂತು ಅರ್ಥ ಹೇಳುವ ವೇಷ ಸ್ಥಿರವಾಗಿ ಕಾಣುತ್ತದೆ, ಕುಣಿಯುವ ವೇಷ ನಡುಗುತ್ತದೆ. ಇದನ್ನು ಸಿಡಿಯ ಗೀರು ಎಂದು ತಿಳಿದು ಎಷ್ಟು ಒರೆಸಿದರೂ ಹೋಗದು. ಆ ಗುರುತನ್ನು ಕಂಪ್ಯೂಟರಿನಲ್ಲಿ ಸರಿಪಡಿಸಿದರೆ ನಡುಕ ನಿಲ್ಲುತ್ತದೆ.

ಅಗ್ಗದ ತಟ್ಟೆ, ಕಡಲ ಗಾಳಿ, ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಇವೆಲ್ಲ ಸೇರಿ ನಿಜಕ್ಕೂ ಹಾಳು ಮಾಡಿಲ್ಲವೇ ಎಂದು ಕೇಳಬಹುದು. ಕೆಲವನ್ನು ಮಾಡಿವೆ. ಬಣ್ಣದ ಪದರ ಕಾಲಕ್ರಮದಲ್ಲಿ ಮಾಸುತ್ತದೆ. ವಧೂವರರ ಚಿತ್ರದ ಕಾಗದದ ಸ್ಟಿಕ್ಕರ್ ತೇವಕ್ಕೆ ಎದ್ದು, ತಿರುಗುವ ತಟ್ಟೆಯ ತೂಕ ತಪ್ಪಿಸುತ್ತದೆ. ಆದರೆ ಆ ರೋಗದ ಲಕ್ಷಣವೇ ಬೇರೆ. ಡಿವಿಡಿಯನ್ನು ಒಳಗಿನಿಂದ ಹೊರಕ್ಕೆ ಓದಲಾಗುತ್ತದೆ, ಹೊರ ಅಂಚಿಗೇ ಪೆಟ್ಟು ಹೆಚ್ಚು. ಆದ್ದರಿಂದ ಸವೆದ ತಟ್ಟೆ ಸಾಮಾನ್ಯವಾಗಿ ದಿಬ್ಬಣ ತೋರಿಸಿ ಧಾರೆಯ ಹೊತ್ತಿಗೆ ನಿಲ್ಲುತ್ತದೆ. ಒಂದು ಪ್ಲೇಯರಿನಲ್ಲಿ ಮೊದಲಿಂದಲೇ ಒಲ್ಲೆ ಎಂದು ಇನ್ನೊಂದರಲ್ಲಿ ಓಡುವ ತಟ್ಟೆಗೆ ಬಂದದ್ದು ಬಹುಮಟ್ಟಿಗೆ ಮುಪ್ಪಲ್ಲ, ಪದ್ಧತಿಗಳ ಹೊಂದಾಣಿಕೆಯ ಕೊರತೆ.

ಎಲ್ಲ ಆಟವೂ ಯೂಟ್ಯೂಬಿನಲ್ಲಿದೆಯಲ್ಲ ಎಂಬುದು ಇನ್ನೊಂದು ಮಾತು. ಹೆಸರಾಂತ ಕಲಾವಿದರದ್ದು ಇರಬಹುದು. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆ ಆಟಕ್ಕೆ ವರ್ಷಗಟ್ಟಲೆ ಕಾದು, ಸರದಿ ಬಂದಾಗ ಮನೆಯ ಗದ್ದೆಯಲ್ಲೇ ಆಡಿಸಿದ ರಾತ್ರಿಯ ದಾಖಲೆ ಆ ಮನೆಯ ತಟ್ಟೆಯಲ್ಲಷ್ಟೇ ಇದೆ. ಚೌಕಿಯಲ್ಲಿ ಕೈಮುಗಿದ ಅಜ್ಜಿ ಬೇರೆಲ್ಲೂ ಸಿಗುವುದಿಲ್ಲ.

ಆದ್ದರಿಂದ ಬಿಸಾಡುವ ಮುನ್ನ ತಟ್ಟೆಯನ್ನು ಬೆಳಕಿಗೆ ಓರೆಯಾಗಿ ಹಿಡಿಯಿರಿ. ಅಡಿಯಲ್ಲಿ ನಡುವಿನಿಂದ ಒಂದು ದಟ್ಟ ವರ್ತುಲ ಕಂಡರೆ ಅಲ್ಲಿ ಬರಹವಿದೆ. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ಉಜ್ಜಬೇಡಿ. ಕಂಪ್ಯೂಟರಿನ ಡ್ರೈವಿನಲ್ಲಿ ಹಾಕಿ. ಒಂದು ಡ್ರೈವ್ ಓದದಿದ್ದರೆ ಇನ್ನೊಂದು ಓದಬಹುದು. ತೆರೆದುಕೊಂಡ ಕೂಡಲೇ ನೋಡುತ್ತಾ ಕೂರದೆ ಪೂರ್ತಿ ಕಾಪಿ ಮಾಡಿ ಎರಡು ಕಡೆ ಇಡಿ. ತಡಮಾಡುವಂತಿಲ್ಲ: ಹೊಸ ಲ್ಯಾಪ್‌ಟಾಪುಗಳಲ್ಲಿ ಡಿವಿಡಿ ಡ್ರೈವ್ ಬರುವುದು ಬಹುತೇಕ ನಿಂತುಹೋಗಿದೆ. ತಟ್ಟೆ ಇನ್ನೂ ಗಟ್ಟಿಯಾಗಿರಬಹುದು. ಅದನ್ನು ಓದುವ ಯಂತ್ರ ಮೊದಲು ಮರೆಯಾಗುತ್ತಿದೆ.