ಹಂದಿ, ಚಿಗರಿ ಅಡ್ಡ ಬಂದು ಕಾರು ಜಖಂ: ಇನ್ಶೂರೆನ್ಸ್ ಸಿಗುತ್ತದೆಯೇ?

ರಾಜೂರ: ರಾತ್ರಿ ಕಾಡುಹಂದಿ ಇಲ್ಲವೇ ಚಿಗರಿ ಏಕಾಏಕಿ ರಸ್ತೆಗೆ ನುಗ್ಗಿ ಕಾರಿಗೆ ಬಡಿದರೆ ರಿಪೇರಿ ಖರ್ಚು ಯಾರ ತಲೆಗೆ? ಉತ್ತರ ನಿಮ್ಮ ಪಾಲಿಸಿಯಲ್ಲೇ ಐತಿ.

ಥರ್ಡ್ ಪಾರ್ಟಿ: 1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯ. ಪ್ರಾಣಿ ತಪ್ಪಿಸಲು ಹೋಗಿ ಬೇರೆಯವರಿಗೆ ಗುದ್ದಿದರೆ ಅವರ ಪರಿಹಾರಕ್ಕೆ ಇದು ಆಸರೆ. ನಿಮ್ಮ ಕಾರಿಗೆ ಒಂದು ರೂಪಾಯಿಯೂ ಬರಲ್ಲ.

ಫುಲ್ ಇನ್ಶೂರೆನ್ಸ್: ಪ್ರಾಣಿ ಡಿಕ್ಕಿಯೂ ಅಪಘಾತವೇ, ಕ್ಲೇಮ್ ಮಾಡಬಹುದು. ಸಾಮಾನ್ಯವಾಗಿ 1500 ಸಿಸಿವರೆಗಿನ ಕಾರಿಗೆ 1000 ರೂ., ಅದಕ್ಕೂ ದೊಡ್ಡ ಎಂಜಿನ್ ಇದ್ದರೆ 2000 ರೂ. ಮಾಲೀಕರೇ ಭರಿಸಬೇಕು. ಬಂಪರ್‌ನಂಥ ಪ್ಲಾಸ್ಟಿಕ್ ಭಾಗಕ್ಕೆ ಶೇ. 50 ಕಡಿತ, 'ಝೀರೋ ಡೆಪ್' ತಗೊಂಡಿದ್ದರೆ ಈ ಕಡಿತ ತಪ್ಪುತ್ತದೆ. ಕ್ಲೇಮ್ ಮಾಡಿದರೆ ನೋ ಕ್ಲೇಮ್ ಬೋನಸ್ ಹೋಗುವುದರಿಂದ ಸಣ್ಣ ರಿಪೇರಿಗೆ ಮೊದಲು ಲೆಕ್ಕ ಹಾಕಿ.

ಡಿಕ್ಕಿಯಾದರೆ: ಫೋಟೊ ತೆಗೆದು ಗಾಡಿ ಬದಿಗೆ ಹಾಕಿ, ತಡ ಮಾಡದೆ ಕಂಪನಿಗೆ ತಿಳಿಸಿ. ಸರ್ವೇಯರ್ ನೋಡುವ ಮುಂಚೆ ರಿಪೇರಿ ಬೇಡ. ಕುಡಿದು ಓಡಿಸಿದ್ದರೆ, ಲೈಸೆನ್ಸ್ ಇಲ್ಲದಿದ್ದರೆ ಕ್ಲೇಮ್ ತಿರಸ್ಕೃತವಾಗುತ್ತದೆ.

ಗಾಯಗೊಂಡ ಅಥವಾ ಸತ್ತ ಪ್ರಾಣಿಯನ್ನು ಒಯ್ಯಬೇಡಿ; 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೇಸ್ ಆದೀತು. ಅರಣ್ಯ ಇಲಾಖೆಗೆ ತಿಳಿಸಿ. ಜನರಿಗೆ ಪೆಟ್ಟಾಗಿದ್ದರೆ 112ಕ್ಕೆ ಕರೆ ಮಾಡಿ.