ಹೈವೇ ಬದಿಯ ಹೊಲ

ಬೆಂಗಳೂರಿನಿಂದ ಬಳ್ಳಾರಿ ರಸ್ತೆ ಹಿಡಿದು ಉತ್ತರಕ್ಕೆ ಹೊರಟರೆ ಹೆಬ್ಬಾಳ, ಯಲಹಂಕ, ಸಾದಹಳ್ಳಿ ದಾಟಿ ದೇವನಹಳ್ಳಿ. ಟಿಪ್ಪು ಹುಟ್ಟಿದ ಊರು, 1791ರಲ್ಲಿ ಕಾರ್ನ್‌ವಾಲಿಸನ ಫೌಜು ಹಿಡಿದ ಕೋಟೆ. ಶಾಲೆಯ ಚರಿತ್ರೆ ಇಷ್ಟಕ್ಕೇ ಮುಗೀತು. ಆ ಕೋಟೆಯ ಸುತ್ತ ರಾಗಿ ಬೆಳೆದವರು, ಕೆರೆಯ ತೂಬು ಕಾದವರು, ಸತ್ತ ದನ ಹೊತ್ತವರು ಯಾವ ಪುಟದಲ್ಲೂ ಇಲ್ಲ. ಅವರ ಚರಿತ್ರೆ ಬೇಕು ಅನ್ನುವವರು ಪಹಣಿ ತೆಗೆದು ನೋಡಬೇಕು, ಊರ ಹೆಸರು ಕೇಳಬೇಕು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ ಶ್ರೋತ್ರಿಯ ತೆಲ್ಲೋಹಳ್ಳಿ ಅಂತ ಒಂದು ಊರಿದೆ. ವೇದ ಓದಿದವರಿಗೆ ದೊರೆಗಳು ಕೊಟ್ಟ ದತ್ತಿಗೆ ಶ್ರೋತ್ರಿಯ ಅನ್ನುತ್ತಿದ್ದರು. ಓದಿದವನಿಗೆ ಊರಿಗೆ ಊರೇ ದಾನ, ಆ ಊರಲ್ಲಿ ಗೇದವನಿಗೆ ಬರಿ ಕೂಲಿ. ಹೊಲೆಯ ಮಾದಿಗರ ಕೈಗೆ ಭೂಮಿ ಅಂತ ಬಂದಿದ್ದರೆ ಅದು ತೋಟಿ, ತಳವಾರ, ನೀರಗಂಟಿ ಕೆಲಸಕ್ಕೆ ಬಿಟ್ಟ ಚೂರುಪಾರು ಇನಾಮು. ಒಂದೆರಡು ತುಂಡು ಹೊಲಕ್ಕೆ ತಲೆತಲಾಂತರ ಬಿಟ್ಟಿ ಚಾಕರಿ. ಮಹಾರರ ವತನದ ಈ ಗುಲಾಮಗಿರಿ ಒಡೆಯಲೆಂದೇ ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದರು. ನಮ್ಮಲ್ಲಿ ಹಳ್ಳಿ ಚಾಕರಿಗಳನ್ನು ರದ್ದು ಮಾಡುವ ಕಾಯಿದೆ ಬಂದದ್ದು 1961ರಲ್ಲಿ. 1974ರ ಭೂಸುಧಾರಣೆ ತಿದ್ದುಪಡಿ ಗೇಣಿದಾರನಿಗೆ ಭೂಮಿ ಕೊಟ್ಟಿತು, ಕೂಲಿಯವನಿಗೆ ಕೊಡಲಿಲ್ಲ. 1978ರಲ್ಲಿ, ದಲಿತರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಬೇರೆಯವರು ಹೊಡೆದುಕೊಳ್ಳದ ಹಾಗೆ ಪಿಟಿಸಿಎಲ್ ಕಾಯಿದೆ ಆಯಿತು. ಸಾಹುಕಾರ ಬರೆಸಿಕೊಂಡರೆ ಆ ಕ್ರಯ ಅನೂರ್ಜಿತ. ಕೊಟ್ಟ ಸರ್ಕಾರವೇ ಕಿತ್ತುಕೊಂಡರೆ? ಭೂಸ್ವಾಧೀನ ಮಾರಾಟವಲ್ಲ, ಆ ಕಾಯಿದೆ ಅಲ್ಲಿ ತುಟಿ ಬಿಚ್ಚುವುದಿಲ್ಲ.

ಕಿತ್ತುಕೊಳ್ಳುವ ಆಯುಧ ಆಗಲೇ ತಯಾರಿತ್ತು: 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆ. ಅದರ 28(1)ರಲ್ಲಿ ಪ್ರಾಥಮಿಕ ಅಧಿಸೂಚನೆ, 28(4)ರಲ್ಲಿ ಅಂತಿಮ ಅಧಿಸೂಚನೆ. ನಡುವೆ ಒಂದು ನೋಟಿಸು, ತಕರಾರು ಇದ್ದರೆ ಹೇಳಿ ಅಂತ. ರೈತರ ಒಪ್ಪಿಗೆ, ಸಾಮಾಜಿಕ ಪರಿಣಾಮದ ಅಧ್ಯಯನ ಅಂತೆಲ್ಲ 2013ರ ಕೇಂದ್ರ ಕಾಯಿದೆ ಹೇಳುತ್ತದಲ್ಲ, ಈ ದಾರಿಯಲ್ಲಿ ಬಂದರೆ ಅದರ ಗೋಜಿಲ್ಲ. ಅದಕ್ಕೇ ಸರ್ಕಾರಗಳಿಗೆ ಕೆಐಎಡಿಬಿ ಅಂದರೆ ಅಷ್ಟು ಪ್ರೀತಿ.

ವಿಮಾನ ನಿಲ್ದಾಣಕ್ಕೆ ಸುಮಾರು 4,000 ಎಕರೆ ಹೋಯಿತು. 2008ರ ಮೇ 24ರಂದು ವಿಮಾನ ಇಳಿಯಲು ಶುರುವಾಯಿತು. ಏರೋಸ್ಪೇಸ್ ಪಾರ್ಕು ಅಂತ ಇನ್ನಷ್ಟು ಜಮೀನು ಹೋಯಿತು. ಹಿಂದೆಯೇ ರಸ್ತೆ ಅಗಲ ಆಯಿತು, ಮೇಲ್ಸೇತುವೆ ಎದ್ದಿತು, ಸಾದಹಳ್ಳಿಯಲ್ಲಿ ಟೋಲು ಕೂತಿತು. ಹಗಲೂ ರಾತ್ರಿ ಕ್ಯಾಬು, ಬಸ್ಸು, ಜಲ್ಲಿ ತುಂಬಿದ ಟಿಪ್ಪರು. ಸೇತುವೆ ಇರುವುದು ವಿಮಾನ ಹಿಡಿಯುವವನಿಗೆ. ಊರು ಒಂದು ಕಡೆ, ಹೊಲ ಇನ್ನೊಂದು ಕಡೆ ಆದವನು ಎರಡು ಹಸು ಹೊಡಕೊಂಡು ಸರ್ವಿಸ್ ರೋಡಲ್ಲಿ ಅಂಡರ್‌ಪಾಸ್ ಹುಡುಕಬೇಕು. ಹಿಂದೆ ಹತ್ತು ಹೆಜ್ಜೆ ಇದ್ದದ್ದು ಈಗ ಸುತ್ತು ದಾರಿ. ಹಾಲು ಡೇರಿಗೆ ಹೊತ್ತು ಮೀರಿದರೆ ಆ ಹೊತ್ತಿನ ಹಾಲು ವಾಪಸ್ಸು. ಇಂಥ ಲೆಕ್ಕ ಯಾವ ಪ್ರಾಜೆಕ್ಟ್ ರಿಪೋರ್ಟಿನಲ್ಲಿ ಬರೆದಿರುತ್ತಾರೆ?

ದೊಡ್ಡಬಳ್ಳಾಪುರದಿಂದ ದೇವನಹಳ್ಳಿ ಮೇಲೆ ಹೊಸಕೋಟೆಗೆ ಹೋಗುವ ಸ್ಯಾಟಲೈಟ್ ಟೌನ್ ರಿಂಗ್ ರೋಡು ಇನ್ನೊಂದು. ಅದರ ಟೋಲು 2023ರಲ್ಲಿ ನಲ್ಲೂರಿನ ಹತ್ತಿರ ಶುರುವಾಯಿತು. ಇದೇ ನಲ್ಲೂರಿನ ಹಳೇ ಹುಣಸೆ ತೋಪು 2007ರಲ್ಲಿ ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣ ಅಂತ ಘೋಷಣೆಯಾಗಿತ್ತು. ಮರಕ್ಕೆ ಬೋರ್ಡು ಸಿಕ್ಕಿತು, ಒಳ್ಳೆಯದೇ. ಮನುಷ್ಯರಿಗೆ 2022ರ ಜನವರಿಯಲ್ಲಿ ನೋಟಿಸು ಸಿಕ್ಕಿತು.

ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಬೇಕು ಎಂದಿತು ಆ ನೋಟಿಸು. ಪೋಲನಹಳ್ಳಿ, ಹರಳೂರು, ನಲ್ಲಪ್ಪನಹಳ್ಳಿ, ಚೀಮಾಚನಹಳ್ಳಿ, ಮಟ್ಟಬಾರ್ಲು ಎಲ್ಲ ಅದರೊಳಗೆ. ದ್ರಾಕ್ಷಿ, ಹಿಪ್ಪುನೇರಳೆ, ತರಕಾರಿ, ರಾಗಿ ಬೆಳೆವ ಕೆಂಪು ಮಣ್ಣು. ಬಹುಪಾಲು ಸಣ್ಣ ಹಿಡುವಳಿ, ಅದರಲ್ಲಿ ದಲಿತರದ್ದೂ ಇದೆ. ದೇವನಹಳ್ಳಿ ಪರಿಶಿಷ್ಟರಿಗೆ ಮೀಸಲಾದ ಕ್ಷೇತ್ರ ಅನ್ನುವುದನ್ನೂ ಇಲ್ಲಿ ನೆನೆಯಬೇಕು. ಓಟಿಗೆ ಮೀಸಲು, ಭೂಮಿಗೆ ಮೀಸಲಿಲ್ಲ.

2022ರ ಏಪ್ರಿಲ್ 4ಕ್ಕೆ ಧರಣಿ ಕೂತರು. ಅಜ್ಜಿಯರು ಕೂತರು, ಹೊಲದ ಕೆಲಸ ಮುಗಿಸಿ ಬಂದ ಹೆಣ್ಣುಮಕ್ಕಳು ಕೂತರು. ಸರ್ಕಾರ ಬದಲಾಯಿತು. ವಿರೋಧ ಪಕ್ಷದಲ್ಲಿದ್ದಾಗ ನಿಮ್ಮ ಜೊತೆಗಿದ್ದೇವೆ ಅಂದವರು 2023ರಲ್ಲಿ ಗದ್ದುಗೆ ಏರಿದರು, ಅಧಿಸೂಚನೆ ಇದ್ದಲ್ಲೇ ಇತ್ತು. ಕೊನೆಗೆ ಮೂರು ಹಳ್ಳಿಯ 495 ಎಕರೆ ಬಿಡ್ತೀವಿ, ಉಳಿದದ್ದು ಕೊಡಿ ಎಂಬ ಚೌಕಾಸಿ. ಊರು ಊರನ್ನು ಒಡೆಯುವ ಹಳೇ ಉಪಾಯ ಇದು. ಜನ ಒಡೆಯಲಿಲ್ಲ. 2025ರ ಜೂನ್ 25ರಂದು 'ದೇವನಹಳ್ಳಿ ಚಲೋ'. ಪೊಲೀಸರು ಎಳೆದಾಡಿ ವ್ಯಾನಿಗೆ ತುಂಬಿದರು. ಸಂಯುಕ್ತ ಹೋರಾಟ ಕರ್ನಾಟಕದ ಹೆಸರಿನಲ್ಲಿ ರೈತ, ದಲಿತ, ಕಾರ್ಮಿಕ ಸಂಘಟನೆಗಳು ಒಟ್ಟಿಗೆ ನಿಂತವು. ಜುಲೈ 4ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹತ್ತು ದಿನ ಕೇಳಿದರು. ಜುಲೈ 15ರಂದು ಭೂಸ್ವಾಧೀನ ಕೈಬಿಟ್ಟೆವು ಎಂದರು. ಅಂದಿಗೆ ಧರಣಿ 1,198 ದಿನ.

ಮಾರನೆಯ ದಿನಕ್ಕೇ ಬೆಂಗಳೂರಿನ ದೊಡ್ಡವರಿಗೆ ಕೈಗಾರಿಕೆ ಓಡಿಹೋಗುತ್ತದೆ ಎಂಬ ಚಿಂತೆ. ನಮ್ಮಲ್ಲಿ 8,000 ಎಕರೆ ಇದೆ, ಬನ್ನಿ ಅಂತ ಆಂಧ್ರದ ಮಂತ್ರಿ ನಾರಾ ಲೋಕೇಶ್ ಕರೆದರು. ಆ ಎಕರೆಗಳಲ್ಲಿ ಉಳುವವರು ಯಾರು ಅಂತ ಒಬ್ಬರೂ ಕೇಳಲಿಲ್ಲ.

ಗೆದ್ದ ಮಾತಿನ ಬಾಲದಲ್ಲಿ ಇನ್ನೊಂದು ಮಾತಿತ್ತು: ತಾವಾಗಿ ಕೊಡುವವರ ಜಮೀನು ತಗೋತೀವಿ, ಹೆಚ್ಚು ಹಣ ಕೊಡ್ತೀವಿ ಅಂತ. ಇದು ದಲ್ಲಾಳಿಗೆ ತೆರೆದಿಟ್ಟ ಬಾಗಿಲು. ಸಾಲದಲ್ಲಿರುವವನ ಮನೆಯನ್ನೇ ಅವನು ಮೊದಲು ಹೊಕ್ಕುವುದು. ಪಟ್ಟಾ ಇದ್ದವನಿಗೆ ಬೆಲೆ ಕೇಳುವ ಬಾಯಾದರೂ ಇದೆ. ಬಗರ್‌ಹುಕುಂ ಉಳುವವನಿಗೆ, ದಿನಗೂಲಿಯವಳಿಗೆ ಅದೂ ಇಲ್ಲ. ಹೊಲ ಕೈಬದಲಾದ ದಿನವೇ ಅವರ ಕೂಲಿ ನಿಂತಿತು. ಆದ್ದರಿಂದ ಈ ಸೀಮೆಯ ವಿದ್ಯಾರ್ಥಿಗಳು, ಮೇಷ್ಟ್ರುಗಳು ಈಗಲೇ ಒಂದು ಕೆಲಸ ಹಿಡಿಯಬೇಕು. ಕೇರಿಯಲ್ಲಿ ಮನೆಮನೆಗೆ ಹೋಗಿ, ಯಾರ ಹತ್ತಿರ ಸಾಗುವಳಿ ಚೀಟಿ ಇದೆ, ಯಾರು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ ಕಾಯುತ್ತಿದ್ದಾರೆ, ಯಾರ ಪಹಣಿಯಲ್ಲಿ ಇನ್ನೂ ಸತ್ತ ತಾತನ ಹೆಸರಿದೆ ಅಂತ ಬರೆದುಕೊಳ್ಳಬೇಕು. ಮುಂದಿನ ನೋಟಿಸು ಬರುವ ಹೊತ್ತಿಗೆ ಆ ಪಟ್ಟಿ ಊರವರ ಕೈಲಿರಲಿ.